ಎದೆಮಟ್ಟದ ಮರೆ

“ಗುರುಗಳೇ, ಅಡುಗೆ ಮಾಡುವ ಜಾಗಕ್ಕೂ ಉಣ್ಣುವ ಜಾಗಕ್ಕೂ ನಡುವೆ ಗೋಡೆ ಏಕೆ ಬೇಕು?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮರುಳಸಿದ್ಧ. ಮಠದಲ್ಲಿ ಹೊಸ ದಾಸೋಹದ ಮನೆ ಕಟ್ಟಿಸುವ ಹೊಣೆ ಅವನದಾಗಿತ್ತು. ಒಂದೂ ಅಡ್ಡಗೋಡೆ ಇಲ್ಲದ ನಕ್ಷೆಯನ್ನು ಬರೆಸಿ ತಂದು ಗುರುಗಳ ಮುಂದೆ ಹರಡಿ ಕೂತಿದ್ದ. ಹಿರಿಯ ಅಡುಗೆಯವರು ಗೋಡೆ ಬೇಕೇ ಬೇಕು ಎಂದು ಹಟ ಹಿಡಿದಿದ್ದರಿಂದ ಅವನಿಗೆ ಸ್ವಲ್ಪ ಸಿಟ್ಟೂ ಬಂದಿತ್ತು.

“ಒಳಗೊಂದು ಹೊರಗೊಂದು ಇರಬಾರದು ಎಂದು ನೀವೇ ಹೇಳುತ್ತೀರಿ. ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಮರೆ ಏಕೆ?” ಎಂದ.

ಗುರುಗಳು ನಕ್ಷೆಯನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದರು. “ಗೆರೆ ಚೆನ್ನಾಗಿ ಎಳೆದಿದ್ದಾರೆ” ಎಂದರು. ಆಮೇಲೆ ಅದನ್ನು ಸುತ್ತಿ ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮನುಷ್ಯ ಒಳ್ಳೆಯವನು, ಬಾಯಿ ಮಾತ್ರ ದೊಡ್ಡದು. ಮನಸ್ಸಿನಲ್ಲಿ ಹುಟ್ಟಿದ ಮಾತು ಅವನ ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತಿರಲಿಲ್ಲ. ಅವನು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಈಗ ಯಾರೂ ಅಡುಗೆಮನೆಗೆ ಗೋಡೆ ಹಾಕಿಸುವುದಿಲ್ಲ, ಮುಂದಿನ ಹಾಲಿಗೆ ಸೇರಿಸಿಬಿಡುತ್ತಾರೆ, ಮನೆ ದೊಡ್ಡದಾಗಿ ಕಾಣುತ್ತದೆ ಎಂದು ಎಂಜಿನಿಯರು ಹೇಳಿದ. ದೊಡ್ಡದಾಗಿ ಕಾಣುತ್ತದೆ ಎಂದ ಮೇಲೆ ವ್ಯಾಪಾರಿಗೆ ಬೇರೆ ಮಾತು ಬೇಕಿರಲಿಲ್ಲ. ಗೃಹಪ್ರವೇಶಕ್ಕೆ ಬಂದವರನ್ನೆಲ್ಲ ನಡುಮಧ್ಯೆ ನಿಲ್ಲಿಸಿ, “ನೋಡ್ರಿ, ನಮ್ಮನ್ಯಾಗ ಮುಚ್ಚುಮರಿ ಅಂಬೂದ ಇಲ್ಲ” ಎಂದು ಕೈ ಬೀಸಿ ತೋರಿಸಿದ.

ಅವನ ಹೆಂಡತಿ ಸಾವಂತ್ರವ್ವ. ಹಳೆಯ ಮನೆಯ ಕತ್ತಲೆ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು. ಹೊಸ ಮನೆಯ ಬೆಳಕು ಕಂಡು ಆಕೆಗೂ ಸಂತೋಷವಾಯಿತು. ರೊಟ್ಟಿ ಬಡಿಯುತ್ತಲೇ ಮಗಳ ಜೊತೆ ಮಾತಾಡಬಹುದು, ಬಂದವರು ಯಾರೆಂದು ಕತ್ತು ಹೊರಳಿಸಿದರೆ ಕಾಣುತ್ತದೆ, ಟಿವಿಯೂ ಕಾಣುತ್ತದೆ. ಇಷ್ಟು ದಿನ ತಾನು ಒಲೆಯ ಮುಂದೆ ಒಬ್ಬಳೇ ಇದ್ದೆನಲ್ಲ ಎಂದು ಆಕೆಗೆ ಆಗಲೇ ಹೊಳೆದದ್ದು.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಸಾವಂತ್ರವ್ವನ ಅಣ್ಣ ಅಡಿವೆಪ್ಪ. ಒಂದು ಕಾಲಕ್ಕೆ ಪೇಟೆಯಲ್ಲಿ ಖಾನಾವಳಿ ನಡೆಸಿದವನು. ರಸ್ತೆ ಅಗಲ ಮಾಡುವಾಗ ಖಾನಾವಳಿಯೂ ಅದರ ಹಿಂದಿನ ಮನೆಯೂ ಹೋದವು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ವ್ಯಾಪಾರಿ ತಾನೇ ಹೋಗಿ, ಒಲ್ಲೆನೆಂದವನನ್ನು ಕೈಹಿಡಿದು ಕರೆದುಕೊಂಡು ಬಂದಿದ್ದ. ಬಾಯಿ ದೊಡ್ಡದಾದರೂ ಮನುಷ್ಯ ಒಳ್ಳೆಯವನು ಎಂದು ಅದಕ್ಕೇ ಹೇಳಿದೆ.

ತವರಿನ ಅಣ್ಣನೆಂದರೆ ಆ ಸೀಮೆಯಲ್ಲಿ ಕೊಡುವವನು. ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಬರುತ್ತಾನೆ, ಉಂಡಿ ಕಟ್ಟಿಸಿ, ಕುಬಸಕ್ಕೆ ಖಣದ ಬಟ್ಟೆ ಕೊಟ್ಟು ಕಳಿಸುತ್ತಾನೆ. ತಂಗಿಯ ಮನೆಗೆ ಬಂದರೆ ಒಂದು ಹೊತ್ತು ಉಂಡು ಚೀಲ ಹಿಡಿದು ಏಳುತ್ತಾನೆ. ಅಂಥವನು ತಂಗಿಯ ಗಂಡನ ಮನೆಯಲ್ಲಿ ದಿನವೂ ತಾಟಿನ ಮುಂದೆ ಕೂಡಬೇಕಾಗಿ ಬಂದಿತ್ತು. ಆದರೂ ಹಳೆಯ ಮನೆಯಲ್ಲಿ ಅದು ಹೇಗೋ ನಡೆದುಹೋಗಿತ್ತು. ಅಡಿವೆಪ್ಪ ಪಡಸಾಲೆಯಲ್ಲಿ ಕೂಡುತ್ತಿದ್ದ, ಒಳಗಿನಿಂದ ಬಿಸಿ ರೊಟ್ಟಿ ಬರುತ್ತಿತ್ತು, ಸಾಕೆನಿಸುವವರೆಗೆ ಉಂಡು ಏಳುತ್ತಿದ್ದ.

ಹೊಸ ಮನೆಗೆ ಬಂದ ಮೇಲೆ ಅವನ ಊಟ ಇಳಿಯಿತು. ಮೊದಲು ಕೊನೆಯ ರೊಟ್ಟಿ ಬಿಟ್ಟ. ಆಮೇಲೆ ಅನ್ನ ಬಿಟ್ಟ. ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಂತಿತು. ಸಾವಂತ್ರವ್ವ ಡಾಕ್ಟರರ ಹತ್ತಿರ ಕಳಿಸಿದಳು. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ, ಚೆನ್ನಾಗಿ ಊಟ ಮಾಡಿಸಿ ಎಂದು ಹೇಳಿ ಕಳಿಸಿದರು. ಆ ಮಾತು ಹೇಳಲು ಡಾಕ್ಟರರೇ ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಸಾವಂತ್ರವ್ವ ರೊಟ್ಟಿ ಹಿಡಿದು ಅಣ್ಣನ ಕಡೆ ನೋಡಿದಳು. “ಇನ್ನೊಂದು ಹಾಕ್ಲೇನಣ್ಣಾ?” ಎಂದಳು. ಅಡಿವೆಪ್ಪನ ಕಣ್ಣು ಮೊದಲು ರೊಟ್ಟಿಬುಟ್ಟಿಗೆ ಹೋಯಿತು. ಅಲ್ಲಿಂದ ಪಲ್ಯದ ಪಾತ್ರೆಗೆ, ಅಲ್ಲಿಂದ ಇನ್ನೂ ಉಣ್ಣದ ತಂಗಿಯ ಕಡೆಗೆ, ಅಲ್ಲಿಂದ ಅಂಗಡಿಯಿಂದ ವ್ಯಾಪಾರಿ ಬರಬೇಕಾದ, ಕಾಲೇಜಿನಿಂದ ಮಗಳು ಬರಬೇಕಾದ ಬಾಗಿಲಿಗೆ ಹೋಗಿಬಂತು. ಆಮೇಲೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, “ಸಾಕವಾ, ಹೊಟ್ಟಿ ತುಂಬೇತಿ” ಎಂದ.

ಆ ನೋಟವನ್ನು ಆಕೆ ಎಲ್ಲಿಯೋ ಕಂಡಿದ್ದಳು. ಎಲ್ಲಿಯೋ ಏನು, ಖಾನಾವಳಿಯಲ್ಲೇ ಕಂಡಿದ್ದಳು. ಖಾನಾವಳಿ ನಡೆಸುವವನು ಎಲ್ಲರೂ ಉಂಡ ಮೇಲೆ ಉಣ್ಣುತ್ತಾನೆ. ಕೂಡುವ ಮುಂಚೆ ಪಾತ್ರೆಯೊಳಗೆ ಒಮ್ಮೆ ಕಣ್ಣು ಹಾಯಿಸಿ, ಉಳಿದದ್ದು ಎಷ್ಟು, ಬರಬೇಕಾದವರು ಯಾರು ಎಂದು ಲೆಕ್ಕ ಹಾಕುತ್ತಾನೆ. ಅಡಿವೆಪ್ಪ ಅಂಥ ಎಷ್ಟೋ ದಿನ ತನ್ನ ತಾಟನ್ನು ತಡವಾಗಿ ಬಂದ ಗಿರಾಕಿಯ ಮುಂದಿಟ್ಟು ಮಜ್ಜಿಗೆ ಕುಡಿದು ಎದ್ದದ್ದನ್ನು ಆಕೆ ನೋಡಿದ್ದಳು. ಆ ಕಣ್ಣಿಗೆ ಅದೇ ರೂಢಿ. ಹಳೆಯ ಮನೆಯಲ್ಲಿ ಗೋಡೆಯಿತ್ತು, ಪಾತ್ರೆ ಕಾಣುತ್ತಿರಲಿಲ್ಲ, ಲೆಕ್ಕ ಹುಟ್ಟುತ್ತಿರಲಿಲ್ಲ. ಇಲ್ಲಿ ಎಲ್ಲವೂ ಬಯಲಿನಲ್ಲಿತ್ತು. ಅಣ್ಣ ಪ್ರತಿ ತುತ್ತಿಗೂ ತನ್ನನ್ನು ಆ ಮನೆಯ ಲೆಕ್ಕದಿಂದ ಕಳೆಯುತ್ತಿದ್ದಾನೆ ಎಂದು ಸಾವಂತ್ರವ್ವನಿಗೆ ಆಗ ತಿಳಿಯಿತು.

ಮಾರನೆಯ ದಿನ ಆಕೆ ಬುಟ್ಟಿ ತುಂಬಿ ಹೊರಚೆಲ್ಲುವಷ್ಟು ರೊಟ್ಟಿ ಬಡಿದಳು. ಎಷ್ಟಿದೆ ನೋಡಲಿ, ಆಗಲಾದರೂ ಉಂಡಾನು ಎಂದುಕೊಂಡಳು. ಅಡಿವೆಪ್ಪ ನೋಡಿದ. “ನನ್ನ ಸಲುವಾಗಿ ಇಷ್ಟ್ಯಾಕ ಬಡೀತಿ ತಂಗಿ, ಕೈ ನೋಯೂದಿಲ್ಲೇನು?” ಎಂದು ಮೊದಲಿಗಿಂತ ಬೇಗ ಕೈ ತೊಳೆದ. ಉಳಿದ ರೊಟ್ಟಿ ಸಂಜೆಗೆ ದನಕ್ಕೆ ಹೋದದ್ದನ್ನೂ ಕಂಡ. ಅದೂ ಅವನ ಲೆಕ್ಕಕ್ಕೇ ಸೇರಿತು.

ಕುರ್ಚಿ ತಿರುಗಿಸಿ ಇಟ್ಟಳು. ಒಲೆಗೆ ಬೆನ್ನು ಹಾಕಿ ಎಂದೂ ಉಂಡವನಲ್ಲ ಎಂದು ಅಡಿವೆಪ್ಪ ಕುರ್ಚಿಯನ್ನು ಮತ್ತೆ ಈ ಕಡೆಗೇ ಎಳೆದುಕೊಂಡ.

ಪಾತ್ರೆಗಳಿಗೆ ಮುಚ್ಚಳ ಹಾಕಬಹುದಿತ್ತು. ಆಕೆ ಮುಚ್ಚಳವನ್ನು ಕೈಗೆ ತೆಗೆದುಕೊಂಡಳು ಕೂಡ. ಆದರೆ ಅವನ ಕಣ್ಣೆದುರಿಗೆ ಮುಚ್ಚಿದರೆ ಅವನಿಂದ ಮುಚ್ಚಿದಂತೆ ಆಗುತ್ತದೆ. ಮುಚ್ಚಳ ಕೈಯಲ್ಲಿ ಹಾಗೇ ಉಳಿಯಿತು. ಬುಟ್ಟಿ ತೆರೆದೇ ಇತ್ತು, ಅಣ್ಣ ಅರ್ಧ ಹೊಟ್ಟೆಯಲ್ಲಿ ಎದ್ದುಹೋದ.

ಇಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಮರುಳಸಿದ್ಧ, “ಗಂಡನಿಗೆ ಹೇಳಿದ್ದರೆ ಮುಗಿಯುತ್ತಿತ್ತಲ್ಲ” ಎಂದ.

“ಹೇಳಿದ್ದರೆ ನಿಜವಾಗಿಯೂ ಮುಗಿಯುತ್ತಿತ್ತು” ಎಂದು ಗುರುಗಳು ನಕ್ಕು ಮುಂದುವರಿಸಿದರು.

ಗಂಡನಿಗೆ ಹೇಳಬೇಕೆಂದು ಆಕೆಯ ಬಾಯಿಗೆ ಎಷ್ಟೋ ಸಲ ಬಂತು. ಆದರೆ ಗಂಡ ಎಂಥವನೆಂದು ಆಕೆಗೆ ಗೊತ್ತಿತ್ತು. ಹೇಳಿದ ಗಳಿಗೆಯಲ್ಲೇ ಭಾವನ ಮುಂದೆ ಹೋಗಿ ನಿಂತು ಎಲ್ಲವನ್ನೂ ಬಿಚ್ಚಿ ಹೇಳಿಬಿಡುತ್ತಾನೆ, ಒಳ್ಳೆಯದಾಗಲೆಂದೇ ಹೇಳುತ್ತಾನೆ. ಆಕೆ ಹೇಳದೆಯೇ ಒಂದು ಭಾನುವಾರ ಅಷ್ಟು ಆಗಿಯೂ ಹೋಯಿತು. ಅಡಿವೆಪ್ಪ ತಾಟಿನ ಮೇಲೆ ಕೈ ಹಿಡಿದದ್ದನ್ನು ಕಂಡ ವ್ಯಾಪಾರಿ ದೊಡ್ಡ ದನಿಯಲ್ಲಿ, “ಭಾವಾರ, ಹೊಟ್ಟಿ ತುಂಬ ಉಣ್ರಿ. ನಮ್ಮನ್ಯಾಗ ರೊಟ್ಟಿಗೇನ ಬರ ಬಿದ್ದೇತೇನ?” ಎಂದ. ಅವನ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆದರೆ ಅಡಿವೆಪ್ಪನ ಕಿವಿಗೆ ‘ನಮ್ಮನ್ಯಾಗ’ ಎಂಬುದೊಂದೇ ಬಿತ್ತು.

ಆ ವಾರದಿಂದ ಅವನಿಗೆ ವ್ರತಗಳು ಹುಟ್ಟಿಕೊಂಡವು. ಸೋಮವಾರ ಉಪವಾಸ ಎಂದ. ಗುರುವಾರವೂ ಎಂದ. ಜೀವಮಾನವೆಲ್ಲ ಊರಿಗೆ ಉಣ್ಣಿಸಿದವನಿಗೆ ವಾರದಲ್ಲಿ ಉಣ್ಣುವ ದಿನಗಳೇ ಕಡಿಮೆಯಾದವು. ಕೊನೆಗೆ ಒಂದು ಬೆಳಗ್ಗೆ ತಂಗಿಯನ್ನು ಕರೆದು, ಅಮಾವಾಸ್ಯೆ ಕಳೆದ ಮೇಲೆ ಬೆಟ್ಟದ ಮಠಕ್ಕೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ, ದಾಸೋಹದಲ್ಲಿ ಕೈಲಾದ ಕೆಲಸ ಮಾಡಿಕೊಂಡಿರುತ್ತೇನೆ ಎಂದು ತಿಳಿಸಿದ. ನಗುತ್ತಲೇ ಹೇಳಿದ. ಸಾವಂತ್ರವ್ವ ಹಿತ್ತಲಿಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತವರೆಂದು ಆಕೆಗೆ ಉಳಿದಿದ್ದುದು ಆ ಒಬ್ಬ ಮನುಷ್ಯ. ಅವನು ತನ್ನ ಮನೆಯಿಂದಲೇ ಹಸಿದು ಹೋಗುತ್ತಾನೆ ಎಂಬುದನ್ನು ಆಕೆಯಿಂದ ತಾಳಲಾಗಲಿಲ್ಲ.

ಅತ್ತು ಮುಗಿದ ಮೇಲೆ ಆಕೆಗೆ ಬುದ್ಧಿ ಓಡಿತು. ಗೋಡೆ ಬೇಕು. ಅದು ಅಣ್ಣನಿಗಾಗಿ ಎಂದು ಅಣ್ಣನಿಗೆ ಗೊತ್ತಾಗಬಾರದು. ಆದ್ದರಿಂದ ಗಂಡನಿಗೂ ಗೊತ್ತಾಗಬಾರದು.

ಮೊದಲು ಒಗ್ಗರಣೆಯ ಹೊಗೆಯ ಮಾತು ತೆಗೆದಳು. ಹೊಗೆ ಹಾಲಿಗೆಲ್ಲ ತುಂಬುತ್ತದೆ, ಸೋಫಾಕ್ಕೆ ಬೆಳ್ಳುಳ್ಳಿ ವಾಸನೆ ಹತ್ತಿದೆ, ನಡುವೆ ಏನಾದರೂ ಅಡ್ಡ ಬೇಕು ಎಂದಳು. ವ್ಯಾಪಾರಿ ಪೇಟೆಗೆ ಹೋಗಿ ಹೊಗೆ ಎಳೆಯುವ ಚಿಮಣಿಯನ್ನೇ ಹೊತ್ತು ತಂದು ಕೂರಿಸಿದ. ಅದು ಭರ್ರೆಂದು ಊರಿಗೇ ಕೇಳುವ ಹಾಗೆ ಸದ್ದು ಮಾಡಿತು, ಹೊಗೆಯನ್ನೂ ಎಳೆಯಿತು. ಬಂದವರ ಮುಂದೆ ಬೆವರುತ್ತ ಕೆಲಸ ಮಾಡಲು ಸಂಕೋಚ ಎಂದಳು. ನೋಡಿದರೆ ನೋಡಲಿ, ನೀನೇನು ಕಳ್ಳತನ ಮಾಡುತ್ತೀಯಾ ಎಂದು ಅವನು ನಕ್ಕುಬಿಟ್ಟ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅಡಿವೆಪ್ಪ ತನ್ನ ಎರಡು ಧೋತರಗಳನ್ನು ಒಗೆದು ಮಡಿಸಿ ಇಟ್ಟದ್ದನ್ನು ಸಾವಂತ್ರವ್ವ ಕಂಡಳು.

ಆಗ ಆಕೆಗೆ ಗಂಡನ ಕಸುಬು ನೆನಪಾಯಿತು.

ಪಾತ್ರೆ ವ್ಯಾಪಾರಿಯ ಮನೆಯಲ್ಲಿ ಎಂಥ ಪಾತ್ರೆ ಇರುತ್ತದೆ? ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದು. ನೆಗ್ಗಿದ್ದು, ಕಿವಿ ಮುರಿದದ್ದು, ಬಣ್ಣ ಕೆಟ್ಟದ್ದು, ಗಿರಾಕಿ ಒಲ್ಲೆನೆಂದು ತಿರುಗಿಸಿ ಕೊಟ್ಟದ್ದು. ಒಳ್ಳೆಯ ಪಾತ್ರೆಯನ್ನು ಮನೆಗೆ ತಂದರೆ ವ್ಯಾಪಾರ ಹೇಗಾಗಬೇಕು? ಸಾವಂತ್ರವ್ವ ಇಷ್ಟು ವರ್ಷ ಅಂಥ ಪಾತ್ರೆಗಳಲ್ಲೇ ಬೇಯಿಸಿದ್ದಳು, ಅದಕ್ಕಾಗಿ ಒಂದು ದಿನವೂ ಕೊರಗಿರಲಿಲ್ಲ. ಹೊಸ ಮನೆಗೆ ಬಂದ ಮೇಲೆ ಮಾತ್ರ ನಾಲ್ಕು ಒಳ್ಳೆಯ ಪಾತ್ರೆಗಳನ್ನು ಮುಂದೆ ಜೋಡಿಸಿ ಉಳಿದವನ್ನು ಕೆಳಗಿನ ಕಪಾಟಿಗೆ ತಳ್ಳಿದ್ದಳು.

ಪಾತ್ರೆ ವ್ಯಾಪಾರಿಗಳ ಸಂಘದವರು ಹೊಸ ಮನೆ ನೋಡಲು ಬರುವವರಿದ್ದರು. ಅಂದು ಬೆಳಗ್ಗೆ ಸಾವಂತ್ರವ್ವ ಕೆಳಗಿನ ಕಪಾಟು ಖಾಲಿ ಮಾಡಿದಳು. ಮಸಿ ಹಿಡಿದ ಡಬರಿ ಒಲೆಯ ಮೇಲೆ ಬಂತು. ಇಕ್ಕಳದಿಂದ ಹಿಡಿಯಬೇಕಾದ, ಹಿಡಿಯಿಲ್ಲದ ಬಾಣಲೆ ಅದರ ಪಕ್ಕದಲ್ಲಿ ಬಂತು. ಒಂದು ಕಡೆ ವಾಲಿ ನಿಲ್ಲುವ ಪಾತ್ರೆಯಲ್ಲಿ ಚಹಾ ಕುದಿಯಿತು. ಸಂಘದವರು ಸೋಫಾದಲ್ಲಿ ಕೂತು ಮನೆಯನ್ನು ಹೊಗಳಿದರು, ಹೊಗಳುತ್ತ ಹೊಗಳುತ್ತ ಒಲೆಯ ಕಡೆ ನೋಡಿದರು. ಆಮೇಲೆ ಅವರಲ್ಲಿ ಹಿರಿಯನಾದವನು, “ಯಜಮಾನ್ರ, ಆ ಡಬರಿ ನೀವು ಮಾರಿದ್ದೋ, ಯಾರರ ನಿಮಗ ಮಾರಿದ್ದೋ?” ಎಂದು ಕೇಳಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ವ್ಯಾಪಾರಿಯೂ ನಕ್ಕ. ನಗುವಾಗ ಅವನ ಕಿವಿ ಕೆಂಪಾಗಿತ್ತು.

ಅವರನ್ನು ಕಳಿಸಿ ಬಾಗಿಲು ಹಾಕಿ ಬಂದವನೇ, “ಇದಕ್ಕ ಅಡ್ಡ ಒಂದು ಮರೀ ಹಾಕ್ಸೂದ ಛಲೋ” ಎಂದ.

“ಯಾಕ ಬಿಡ್ರಿ, ಮನಿ ಸಣ್ಣದು ಕಾಣತೈತಿ” ಎಂದಳು ಸಾವಂತ್ರವ್ವ.

“ನಿನಗ ತಿಳಿಯೂದಿಲ್ಲ, ಸುಮ್ಮನಿರು” ಎಂದು ಅವನು ಆಗಲೇ ಬಡಿಗನಿಗೆ ಫೋನು ಹಚ್ಚಿದ.

ಹೊಸ ಪಾತ್ರೆ ತಂದುಕೊಟ್ಟಿದ್ದರೂ ಆಗುತ್ತಿತ್ತಲ್ಲ ಎಂದು ನೀನು ಕೇಳಬಹುದು. ಅಂಗಡಿಯ ಮಾಲು ಮನೆಯಲ್ಲಿ ಸುಟ್ಟು ಕಪ್ಪಾಗುವುದನ್ನು ನೋಡುವ ವ್ಯಾಪಾರಿಯನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಆಕೆಗೆ ಅದೂ ಗೊತ್ತಿತ್ತು.

ಬಡಿಗ ಬಂದ. ವ್ಯಾಪಾರಿ ಮರೆಯನ್ನು ಚಾವಣಿಗೆ ತಾಗಿಸಿ ಎತ್ತಬೇಕೆಂದ. ಇಲ್ಲಿ ಮಾತ್ರ ಸಾವಂತ್ರವ್ವ ಬಿಟ್ಟುಕೊಡಲಿಲ್ಲ. ಒಲೆಯ ಮುಂದೆ ಹೋಗಿ ನಿಂತು, ಎದೆಯ ಮಟ್ಟಕ್ಕೆ ಕೈ ಹಿಡಿದು, ಇಷ್ಟೇ ಎತ್ತರ ಸಾಕು, ನನಗೆ ಧಾರಾವಾಹಿ ಕಾಣಬೇಕು ಎಂದಳು. ಗಂಡ ಹಣೆ ಬಡಿದುಕೊಂಡು ನಕ್ಕ, ಆಗಲಿ ಎಂದ. ಕೂತು ಉಣ್ಣುವವನಿಗೆ ಬುಟ್ಟಿ ಕಾಣಬಾರದು, ನಿಂತು ಬಡಿಸುವವಳಿಗೆ ತಾಟು ಕಾಣಬೇಕು. ಆಕೆಯ ಅಳತೆ ಇದು. ಬಡಿಗ ಟೇಪು ಹಿಡಿದು ಗುರುತು ಹಾಕಿಕೊಂಡ.

ಮರೆ ಎದ್ದು ನಿಂತ ದಿನಕ್ಕೆ ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ. ಸಾಗುವಾನಿಯ ಹಲಗೆಗೆ ಇನ್ನೂ ಪಾಲಿಶ್ ಆಗಿರಲಿಲ್ಲ, ಮನೆಯೆಲ್ಲ ಹೊಸ ಕಟ್ಟಿಗೆಯ ವಾಸನೆ. ಅಡಿವೆಪ್ಪ ಊಟಕ್ಕೆ ಕೂತ. ಎರಡು ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಚಟ್ನಿ. ಎಂದಿನಂತೆ ಎರಡು ರೊಟ್ಟಿ ಮುಗಿದವು.

“ಇನ್ನೊಂದು ಹಾಕ್ಲೇನಣ್ಣಾ?” ಎಂದಳು ಸಾವಂತ್ರವ್ವ.

ಅಡಿವೆಪ್ಪ ಕಣ್ಣೆತ್ತಿದ. ಕಣ್ಣಿಗೆ ಹಲಗೆ ಅಡ್ಡ ಬಂತು. ಅವನು ಹಲಗೆಯನ್ನು ನೋಡುತ್ತ ಕೂತ. ಬುಟ್ಟಿಯಲ್ಲಿ ಎಷ್ಟಿದೆಯೋ ತಿಳಿಯಲಿಲ್ಲ. ಒಲೆಯ ಮೇಲೆ ರೊಟ್ಟಿ ಸುಡುತ್ತಿರುವ ವಾಸನೆ ಮಾತ್ರ ಬಂತು. ತಾಟಿನ ಮೇಲೆ ಹಿಡಿಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು, ಆಮೇಲೆ ಕೆಳಗಿಳಿಯಿತು.

“ಇದ್ರ ಹಾಕವಾ” ಎಂದ.

“ಇಲ್ಲೇ ಉಬ್ಬಾಕತ್ತೇತಿ, ಬಂದ ಬಂತು” ಎಂದು ಆಕೆ ಹೆಂಚಿನಿಂದ ನೇರವಾಗಿ ತಂದು ಹಾಕಿದಳು.

ಅವನು ಅದನ್ನು ಉಂಡ. ಇನ್ನೊಂದನ್ನೂ ಉಂಡ. ಪಲ್ಯ ಮತ್ತೆ ಹಾಕಿಸಿಕೊಂಡ. ಅನ್ನ ಕಲಸಿ, ಮಜ್ಜಿಗೆ ಸುರಿದುಕೊಂಡು, ಖಾನಾವಳಿಯಲ್ಲಿ ಎಲ್ಲ ಗಿರಾಕಿಗಳೂ ಹೋದ ಮೇಲೆ ಉಣ್ಣುತ್ತಿದ್ದ ಹಾಗೆ ಯಾರ ಕಡೆಗೂ ನೋಡದೆ ಸಮಾಧಾನವಾಗಿ ಉಂಡು, ದೊಡ್ಡದಾಗಿ ತೇಗಿದ. ಆ ತೇಗು ಕೇಳಿ ಸಾವಂತ್ರವ್ವ ಚಿಮಣಿ ಹಚ್ಚಿದಳು. ಅದು ಭರ್ರೆಂದು ಸದ್ದು ಮಾಡಿತು. ಆ ಸದ್ದಿನಲ್ಲಿ ಆಕೆ ಒಲೆಯ ಕಡೆ ತಿರುಗಿ ಅಳುತ್ತ ನಕ್ಕಳು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಮೈ ಹಗುರಾಗಿ, ಆಕೆಗೂ ಹಸಿವಾಯಿತು.

ಅಮಾವಾಸ್ಯೆ ಬಂತು, ಹೋಯಿತು. ಮಠದ ಮಾತನ್ನು ಅಡಿವೆಪ್ಪ ಎತ್ತಲಿಲ್ಲ. ಸೋಮವಾರದ ಉಪವಾಸ ಒಂದು ಸೋಮವಾರ ಮರೆತುಹೋಯಿತು, ಗುರುವಾರದ್ದು ಅದರ ಹಿಂದೆಯೇ ಹೋಯಿತು. ಅಂಗಿಯ ಕಾಲರು ಮತ್ತೆ ಕುತ್ತಿಗೆಗೆ ಬಂದು ಕೂತಿತು. ದಿನ ಕಳೆದಂತೆ ಅವನು ಉಪ್ಪು ಕಡಿಮೆ, ಖಾರ ಹೆಚ್ಚು ಎಂದು ತಂಗಿಯ ಅಡುಗೆಗೆ ಹೆಸರಿಡಲೂ ಶುರುಮಾಡಿದ. ಅವನು ಹೆಸರಿಟ್ಟ ದಿನವೆಲ್ಲ ಸಾವಂತ್ರವ್ವ ಹಾಡು ಗುನುಗುತ್ತ ಕೆಲಸ ಮಾಡಿದಳು.

ವ್ಯಾಪಾರಿ ಮನೆಗೆ ಬಂದವರನ್ನೆಲ್ಲ ಆ ಮರೆಯ ಮುಂದೆ ನಿಲ್ಲಿಸಿ, ಹಲಗೆಯ ಮೇಲೆ ಕೈಯಾಡಿಸುತ್ತ, ಇದು ತನ್ನದೇ ಯೋಚನೆ, ಎಂಜಿನಿಯರಿಗೂ ಹೊಳೆದಿರಲಿಲ್ಲ ಎಂದು ಹೇಳಿಕೊಂಡ. ಸಾವಂತ್ರವ್ವ ಆ ಮಾತನ್ನು ನೂರು ಸಲ ಕೇಳಿದಳು. ನೂರು ಸಲವೂ ಹೌದೆಂದು ತಲೆಯಾಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ಸಮಾಧಾನವಾಗಿರಲಿಲ್ಲ. ಆ ಹೆಂಗಸಿನ ಪರವಾಗಿ ಅವನಿಗೆ ಒಳಗೇ ಸಂಕಟವಾಗುತ್ತಿತ್ತು. “ಗುರುಗಳೇ, ಅಷ್ಟೆಲ್ಲ ಮಾಡಿದವಳು ಆಕೆ. ಹೆಸರು ಗಂಡನಿಗೆ ಹೋಯಿತು. ಎಲ್ಲ ಸರಿಹೋದ ಮೇಲಾದರೂ, ಇದನ್ನು ನಿನಗಾಗಿ ಕಟ್ಟಿಸಿದೆ ಅಣ್ಣಾ ಎಂದು ಆಕೆ ಅಣ್ಣನಿಗೆ ಹೇಳಬಹುದಿತ್ತಲ್ಲ?” ಎಂದ.

“ಹೇಳಿದ ದಿನವೇ ಅಣ್ಣ ಅರ್ಧ ಊಟಕ್ಕೆ ಎದ್ದುಬಿಡುತ್ತಿದ್ದನಲ್ಲಪ್ಪಾ” ಎಂದರು ಗುರುಗಳು.

ಮರುಳಸಿದ್ಧ ಸುತ್ತಿಟ್ಟ ನಕ್ಷೆಯನ್ನು ಬಿಚ್ಚಿ, ಒಲೆಗೂ ಪಂಕ್ತಿಗೂ ನಡುವೆ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ‘ಎದೆಮಟ್ಟ’ ಎಂದು ಬರೆದ.